ನೂರಿಪ್ಪತ್ತೊಂಬತ್ತನೆಯ ಪುಟ

ನಾನು ಬರೆದ ಮೊದಲ ಪುಸ್ತಕದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೂ ನಿಮಗೆ ನೆನಪಾಗುವುದಿಲ್ಲ, ನೆನಪಾಗಲಿಲ್ಲವೆಂದು ತಿಳಿದರೆ ನನಗೆ ಬೇಸರವಾಗುತ್ತದೆ. ಶಿಕಾರಿಪುರದ ಮಾಧ್ಯಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದುಕೊಂಡು, ತರಗತಿಯಲ್ಲಿ ಯಾರೂ ನಗದ ಹಾಸ್ಯವನ್ನು ದೊಡ್ಡವರ ಮೇಲೆ ಪ್ರಯೋಗಿಸಿ ನೋಡೋಣವೆಂದು ಬರೆದ ಹರಟೆಗಳು ಅವು. ಅದರಲ್ಲಿ ಓದತಕ್ಕದ್ದು ಹೆಚ್ಚೇನೂ ಇರಲಿಲ್ಲ. ಆದರೆ ನೋಡತಕ್ಕದ್ದಿತ್ತು, ಮುಟ್ಟತಕ್ಕದ್ದಿತ್ತು. ಹಾಗೆ ಅದನ್ನು ಮಾಡಿದವನು ಗುತ್ಯಪ್ಪ. ಕೆಡಿಸಿದವನು ಯಾರು ಎಂದು ಹೇಳುವುದಕ್ಕೇ ಈಗ ಬರೆಯಲು ಕೂತಿದ್ದೇನೆ.

ಗುತ್ಯಪ್ಪ ಸೊರಬ ತಾಲ್ಲೂಕಿನ ಹೊಸಬಾಳೆಯವನು. ಮನೆಯಲ್ಲಿ ಎತ್ತು, ಗದ್ದೆ, ತಂದೆ ಕೆಂಪಪ್ಪ, ತಾಯಿ ಲೋಕಮ್ಮ ಎಲ್ಲ ಇದ್ದರು. ಎಲ್ಲರಂತೆ ಉತ್ತು ಬಿತ್ತು ಇರಬಹುದಾಗಿದ್ದವನು ನಾಲ್ಕನೆಯ ತರಗತಿಯಲ್ಲಿ ಕೆಟ್ಟ. ಅವನ ಪಾಠದ ಪುಸ್ತಕದ ಬೆನ್ನು ಕಿತ್ತುಬಂದು ಒಳಗೆ ದಾರ ಕಂಡಿತಂತೆ.

“ಅಲ್ಲೀತನಕ ಪುಸ್ತಕ ಅಂದ್ರೆ ಬಾಳೆಗೊನೆ ಹಂಗೆ ತಾನೇ ಬಿಡ್ತೈತೆ ಅಂದ್ಕಂಡಿದ್ದೆ ಮೇಷ್ಟ್ರೆ,” ಎಂದು ಅವನು ನನಗೆ ಹೇಳಿದ್ದ. “ನೋಡ್ತೀನಿ, ಒಳಗೆ ದಾರ ಐತೆ, ಗಂಟು ಐತೆ. ಯಾರೋ ಕೂತು ಹೊಲಿದಾರೆ! ಪಕ್ಕದೋರ ಪುಸ್ತಕದಾಗೂ ಹಿಂಗೇ ಐತಾ ನೋಡಾನ ಅಂತ ಇನ್ನೂ ಎರಡು ಬಿಚ್ಚಿದೆ.”

“ಏಟು ಬಿದ್ದಿರಬೇಕಲ್ಲ?”

“ಬಿದ್ವಂತೆ. ನಂಗೆ ನೆನಪಿಲ್ಲ. ಮೂರೂ ಪುಸ್ತಕದಾಗೆ ಗಂಟು ಒಂದೇ ಜಾಗದಾಗಿತ್ತು. ಅದು ನೆನಪೈತೆ.”

ಆ ಗಂಟನ್ನೇ ಹಿಡಿದುಕೊಂಡು ಅವನು ದಾವಣಗೆರೆಗೆ ಹೋದ. ಅಲ್ಲೊಂದು ಅಚ್ಚುಕೂಟದಲ್ಲಿ ಹನ್ನೊಂದು ವರ್ಷ, ಸೀಸದ ಅಚ್ಚುಮೊಳೆ ಜೋಡಿಸುವುದರಿಂದ ರಟ್ಟು ಕಟ್ಟುವವರೆಗೆ ಎಲ್ಲ ಕಲಿತ. ಆಮೇಲೆ ಹೆಂಡತಿ ಉಚ್ಚಂಗಮ್ಮನನ್ನು ಕರೆದುಕೊಂಡು ಶಿಕಾರಿಪುರಕ್ಕೆ ಬಂದು ವೀರಬಸಪ್ಪನವರ ಪ್ರೆಸ್ಸಿಗೆ ಸೇರಿದ. ನಾನು ಅವನನ್ನು ಕಾಣುವ ಹೊತ್ತಿಗೆ ಅವನಿಗೆ ನಲವತ್ತರ ಹತ್ತಿರ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಸೀಸಕ್ಕೆ ಉಜ್ಜಿ ಉಜ್ಜಿ ಪೆನ್ಸಿಲ್ಲಿನ ಬಣ್ಣಕ್ಕೆ ತಿರುಗಿದ್ದವು.

ವೀರಬಸಪ್ಪನವರದು ಪೇಟೆಬೀದಿಯ ದೊಡ್ಡ ಜವಳಿ ಅಂಗಡಿ. ಅಂಗಡಿಯ ಹಿಂದೆ, ಹಿಂದೊಮ್ಮೆ ಸೀರೆ ಗಂಟು ಇಳಿಸುತ್ತಿದ್ದ ಕೋಣೆಯಲ್ಲಿ, ಕಾಲಿನಿಂದ ತುಳಿದು ಅಚ್ಚು ಹಾಕುವ ಒಂದು ಟ್ರೆಡಲ್ ಯಂತ್ರ. ಸೀರೆ ಕೊಳ್ಳಲು ಬಂದವರು ಲಗ್ನಪತ್ರಿಕೆಯನ್ನೂ ಅಲ್ಲೇ ಮಾಡಿಸಿಕೊಂಡು ಹೋಗಲಿ ಎಂಬ ವ್ಯಾಪಾರದ ಬುದ್ಧಿ. ಲಗ್ನಪತ್ರಿಕೆ, ನಾಟಕದ ಕರಪತ್ರ, ಸೊಸೈಟಿಯ ರಸೀದಿ ಬುಕ್ಕು, ಇಷ್ಟೇ ಅಲ್ಲಿಯ ಸಾಹಿತ್ಯ. ಗುತ್ಯಪ್ಪ ಅದರಲ್ಲೂ ಹಟ ಮಾಡುತ್ತಿದ್ದ. ಪತ್ರಿಕೆಯ ಕೆಳಗೆ ಸುಖಾಗಮನ ಬಯಸುವವರ ಹೆಸರು ಹದಿನಾಲ್ಕು ತಂದರೆ, “ಇದರಾಗೆ ಇಬ್ಬರು ಚಿಕ್ಕಪ್ಪಂದಿರನ್ನ ಕೈಬಿಡ್ರಿ, ಅಂಚು ಸ್ವಲ್ಪ ಉಸಿರಾಡ್ತೈತೆ,” ಎನ್ನುತ್ತಿದ್ದ. ಆ ಕಾರಣಕ್ಕೆ ಎರಡು ಮನೆತನಗಳಲ್ಲಿ ಮಾತು ನಿಂತುಹೋಗಿತ್ತು.

ಭಾನುವಾರ ನನ್ನ ಮನೆಗೆ ಬರುತ್ತಿದ್ದ. ನನ್ನಲ್ಲಿ ಹದಿನೆಂಟು ಪುಸ್ತಕಗಳಿದ್ದವು; ಊರಿನವರು ನನ್ನನ್ನು ಪಂಡಿತನೆಂದು ತಿಳಿಯಲು ಅಷ್ಟು ಸಾಕಾಗಿತ್ತು. ಗುತ್ಯಪ್ಪ ಒಂದನ್ನು ತೆಗೆದುಕೊಂಡು ಮೊದಲು ತಲೆಯ ಕಡೆಯಿಂದ ಬೆನ್ನನ್ನು ನೋಡುವನು. ಆಮೇಲೆ ಸರಿಯಾಗಿ ನಡುವೆ ತೆರೆದು ಅಂಗೈಯ ಮೇಲಿಟ್ಟುಕೊಂಡು, ಅದು ಮುಚ್ಚಿಕೊಳ್ಳುತ್ತದೆಯೋ ಹಾಗೇ ಮಲಗುತ್ತದೆಯೋ ಎಂದು ಉಸಿರು ಬಿಗಿಹಿಡಿದು ಕಾಯುವನು. ಒಂದು ಅಕ್ಷರ ಓದುತ್ತಿರಲಿಲ್ಲ.

“ಅದರಲ್ಲಿ ಏನಿದೆ ಅಂತ ನೋಡೋದಿಲ್ವೇನೋ?” ಎಂದು ಒಮ್ಮೆ ರೇಗಿಸಿದೆ.

“ಅದು ನಿಮ್ಮ ಕೆಲಸ ಮೇಷ್ಟ್ರೆ. ಊಟ ಮಾಡೋರು ಬ್ಯಾರೆ, ತಾಟು ಮಾಡೋರು ಬ್ಯಾರೆ.”

ಕೈಯಿಂದ ಬರೆದ ಹಳೆಯ ಕಟ್ಟುಗಳನ್ನು ತೋರಿಸಿದರೆ ಅವನಿಗೆ ಅಷ್ಟಕ್ಕಷ್ಟೆ. ಒಂದು ಸಲ ತೊಗರ್ಸಿಯ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ನಾನು ಮಲ್ಲಿಕಾರ್ಜುನನಿಗೆ ಕೈಮುಗಿದು ಹೊರಗೆ ಬಂದರೆ ಇವನು ಕಂಬಗಳ ನಡುವೆ ಓಡಾಡುತ್ತ, ಒಂದರ ಸುತ್ತಳತೆಯನ್ನು ಟವೆಲಿನಲ್ಲಿ ಹಿಡಿದು ಇನ್ನೊಂದಕ್ಕೆ ಸುತ್ತಿ ನೋಡುತ್ತಿದ್ದ. “ಒಂದು ಚೆಂದ ಮಾಡೋದು ದೊಡ್ಡದಲ್ಲ ಮೇಷ್ಟ್ರೆ. ಎರಡನೇದೂ ಹಂಗೇ ಬರಬೇಕು. ಮಿಷಿನ್ನು ಅಂದ್ರೆ ಅದೇಯ. ಸಾವಿರ ಪುಸ್ತಕ ಮಾಡಿದ್ರೆ, ಮೊದಲನೇದು ಸಾವ್ಕಾರ್ರಿಗೆ ಹೋಗ್ಲಿ, ಸಾವಿರನೇದು ಕೂಲಿಯೋನಿಗೆ ಹೋಗ್ಲಿ, ಇಬ್ಬರ ಕೈಯಾಗೂ ಒಂದೇ. ನಿಂಗೆ ಕೊನೇದು ಬಂತು ಅಂತ ಅವನಿಗೆ ಗೊತ್ತೇ ಆಗಬಾರದು.”

ನನ್ನ ಹಾಸ್ಯದಲ್ಲಿ ಇಷ್ಟು ಒಳ್ಳೆಯ ಮಾತು ಎಲ್ಲೂ ಇಲ್ಲ.

ಪುಸ್ತಕ, ಪುಸ್ತಕ ಎಂದು ಅವನು ಮೂರು ವರ್ಷ ಕೊರೆದಮೇಲೆ, ರಾಜ್ಯ ಒಂದಾದ ಮರುವರ್ಷ, ವೀರಬಸಪ್ಪನವರು ಸೋತರು. ನನ್ನೆದುರಿಗೇ ಹೇಳಿದರು: “ಒಂದು ಮಾಡಿ ತೋರ್ಸು. ಚೆನ್ನಾಗಿ ಬಂತು ಅಂದ್ರ ದೊಡ್ಡ ಮಿಷಿನ್ ತರಸ್ತೀನಿ. ಪುಸ್ತಕದ ಕೆಲಸ ಪೂರಾ ನಿಂದು, ನಾನು ಬಾಯಿ ಹಾಕಂಗಿಲ್ಲ. ಕೆಟ್ಟಿತು ಅಂದ್ರ ಮತ್ತೊಮ್ಮೆ ನನ್ನ ಮುಂದ ಪುಸ್ತಕ ಅನ್ನಬಾರದು. ಪುಸ್ತಕದ ಮೊಳೆ ಎಲ್ಲಾ ಮಾರಿಬಿಡ್ತೀನಿ. ಆತಾ?”

“ಆತು ಸಾವ್ಕಾರ್ರೆ,” ಎಂದ ಗುತ್ಯಪ್ಪ.

ಯಾರ ಪುಸ್ತಕ ಎಂಬ ಪ್ರಶ್ನೆ ಬಂತು. ಊರಿನಲ್ಲಿ ಬರೆದು ಇಟ್ಟುಕೊಂಡಿದ್ದವನು ನಾನೊಬ್ಬನೇ. ಉಳಿದವರಿಗೆ ಬುದ್ಧಿ ಇತ್ತು.

ಗುತ್ಯಪ್ಪ ನನ್ನ ಹಸ್ತಪ್ರತಿಯನ್ನು ಒಂದು ವಾರ ಇಟ್ಟುಕೊಂಡ. ಓದಲಿಲ್ಲ, ಬೆಂಕಿಕಡ್ಡಿಯಲ್ಲಿ ಸಾಲುಗಳನ್ನು ಅಳೆದ. ಆಮೇಲೆ ಬಂದು, “ನೂರಿಪ್ಪತ್ತೆಂಟು ಪುಟ,” ಎಂದ. ನನಗೆ ಅರ್ಥವಾಗಲೆಂದು ಒಂದು ಹಳೆಯ ಪತ್ರಿಕೆಯ ಹಾಳೆಯನ್ನು ಎರಡು ಸಲ ಮಡಿಸಿ ಅಂಚು ಸೀಳಿ ತೋರಿಸಿದ. ಒಂದು ಹಾಳೆ ನಾಲ್ಕು ಎಲೆಯಾಯಿತು, ಎರಡೂ ಮಗ್ಗುಲು ಸೇರಿ ಎಂಟು ಪುಟ. ಅದೇ ಒಂದು ಫಾರಂ. ಅಂಥ ಹದಿನಾರು ಫಾರಮ್ಮುಗಳನ್ನು ಒಂದರ ಮೇಲೊಂದಿಟ್ಟು, ಪ್ರತಿಯೊಂದರ ಮಡಿಕೆಯ ನಡುವಿನಿಂದ ದಾರ ತೆಗೆದು ಹೊಲಿದರೆ ಪುಸ್ತಕ. “ನೂರಿಪ್ಪತ್ತೆಂಟು ಅಂದ್ರೆ ಒಂದು ಎಲೆಯೂ ಅನಾಥ ಅಲ್ಲ. ಪ್ರತಿ ಎಲೆಗೂ ಬೆನ್ನಿನ ಆಚೆಕಡೆ ಜೊತೆಯೋನು ಒಬ್ಬ ಇರ್ತಾನೆ. ಇಬ್ಬರನ್ನೂ ದಾರ ಹಿಡಿದಿರ್ತೈತೆ.”

ಮೊಳೆ ಕಡಿಮೆ ಇದ್ದುದರಿಂದ ಎಂಟು ಪುಟ ಜೋಡಿಸಿ, ಅಚ್ಚು ಹಾಕಿ, ಬಿಚ್ಚಿ, ಮತ್ತೆ ಎಂಟು ಪುಟ ಜೋಡಿಸಬೇಕಾಗಿತ್ತು. ಪ್ರೂಫು ಬಂದಾಗಲೆಲ್ಲ ನನಗೆ ತಿದ್ದುವ ಚಪಲ. ಗುತ್ಯಪ್ಪ ತಡೆಯುತ್ತಿರಲಿಲ್ಲ, ಆದರೆ ಒಂದು ಷರತ್ತು ಹಾಕುತ್ತಿದ್ದ: “ಈ ಪದ ಬ್ಯಾಡ ಅಂದ್ರೆ ಇಷ್ಟೇ ಉದ್ದದ ಒಳ್ಳೇ ಪದ ತನ್ನಿ.” ನನ್ನ ಶೈಲಿ ಬಿಗಿಯಾಗಿದೆ ಎಂದು ಆಮೇಲೆ ಯಾರೋ ಬರೆದರು. ಅದು ಬೆಂಕಿಕಡ್ಡಿಯ ಗುಣ.

ಆರು ತಿಂಗಳು ಹೀಗೆ ನಡೆಯಿತು. ಟ್ರೆಡಲ್ ತುಳಿಯುವ ಉಜ್ಜಪ್ಪ ದಿನಾ ಬೈಯುತ್ತಿದ್ದ. ಒಂದು ಹಾಳೆಯಲ್ಲಿ ಮಸಿ ಒಂದು ಕೂದಲೆಳೆ ತೆಳುವಾದರೆ ಗುತ್ಯಪ್ಪ ಯಂತ್ರ ನಿಲ್ಲಿಸಿಬಿಡುವನು. ಫಾರಮ್ಮುಗಳ ರಾಶಿ ಗೋಡೆಯ ಪಕ್ಕದಲ್ಲಿ ಏರುತ್ತಿತ್ತು. ಹೋಗಿ ಬರುವಾಗಲೆಲ್ಲ ಅವನು ಅದರ ಅಂಚನ್ನು ಅಂಗೈಯಿಂದ ಒಮ್ಮೆ ಸವರುವನು. ಉಚ್ಚಂಗಮ್ಮ ಊಟದ ಬುತ್ತಿ ತಂದಾಗ ಇದನ್ನು ನೋಡಿ, “ನೋಡ್ರಿ ಮೇಷ್ಟ್ರೆ, ಹೆತ್ತ ಮಕ್ಕಳ ತಲೆ ಒಂದಿನ ಹಿಂಗೆ ಸವರಿದೋರಲ್ಲ,” ಎಂದು ನಗುವಳು.

ಇನ್ನು ನನ್ನ ಕೆಲಸಕ್ಕೆ ಬರುತ್ತೇನೆ.

ಮಾಘದಲ್ಲಿ ವೀರಬಸಪ್ಪನವರ ಮಗಳಿಗೆ ಗಂಡು ಗೊತ್ತಾಯಿತು. ವೈಶಾಖದಲ್ಲಿ ಮದುವೆ. ಬಂದವರಿಗೆಲ್ಲ ತಾಂಬೂಲದ ಜೊತೆ ನಮ್ಮ ಪ್ರೆಸ್ಸಿನ ಪುಸ್ತಕವನ್ನೇ ಕೊಟ್ಟರೆ ಹೇಗೆ ಎಂದು ಅವರಿಗೆ ಹೊಳೆಯಿತು. ಅಂಗಡಿಯ ಗಾದಿಯ ಮೇಲೆ ಕೂತು ನನ್ನನ್ನು ಕೇಳಿದರು: “ಎಷ್ಟು ಪುಟ ಆಗ್ತತ್ರಿ ಒಟ್ಟು?”

“ನೂರಿಪ್ಪತ್ತೆಂಟು,” ಎಂದೆ. ಅಷ್ಟಕ್ಕೆ ಬಾಯಿ ಮುಚ್ಚಿದ್ದರೆ ಈ ಬರಹವಿರುತ್ತಿರಲಿಲ್ಲ. ಎದುರಿಗೆ ನಾಲ್ಕು ಜನ ಗಿರಾಕಿಗಳಿದ್ದರು. ನಾಲ್ಕು ಜನ ಕಂಡರೆ ನನಗೆ ಹಾಸ್ಯ ಬರುತ್ತದೆ. “ಮದುವೆಗೆ ಮುಯ್ಯಿ ಮಾಡುವಾಗ ನೂರು ಕೊಡ್ತೀರೋ, ನೂರ ಒಂದು ಕೊಡ್ತೀರೋ? ಹಾಗೇ ಇದಕ್ಕೂ ಒಂದು ಪುಟ ಹೆಚ್ಚಿಗೆ ಇಟ್ಟುಬಿಡಿ, ಶುಭವಾಗಲಿ!”

ಯಾರೂ ನಗಲಿಲ್ಲ. ವೀರಬಸಪ್ಪನವರ ಮುಖ ಗಂಭೀರವಾಯಿತು. “ಖರೆ ಐತ್ರಿ ಮೇಷ್ಟ್ರೆ. ನಂಗ ಹೊಳದೇ ಇರಲಿಲ್ಲ ನೋಡ್ರಿ. ಸಮಸಂಖ್ಯೆ ಯಾರಾದ್ರೂ ಶುಭಕಾರ್ಯಕ್ಕ ಕೊಡ್ತಾರಾ?” ಸ್ವಲ್ಪ ಯೋಚಿಸಿ, “ಹಿಂಗ ಮಾಡೋಣ. ಆ ಒಂದು ಪುಟದಾಗ ನಮ್ಮ ಅಪ್ಪಾರ ಫೋಟೋ ಹಾಕೋಣ. ಆರ್ಟ್ ಪೇಪರ್ ತರಸ್ತೀನಿ. ಫೋಟೋದ ಕೆಳಗ ನಾಲ್ಕು ಸಾಲು ನೀವೇ ಬರೀರಿ,” ಎಂದರು.

‘ನಾನು ತಮಾಷೆಗೆ ಹೇಳಿದೆ’ ಎನ್ನಲು ಅದು ಸಮಯ. ನಾಲಗೆಯ ತುದಿಗೂ ಬಂದಿತ್ತು. ಆದರೆ ಹೊಳೆಯುವ ಆರ್ಟ್ ಪೇಪರು, ದೊಡ್ಡ ಮನುಷ್ಯರ ಫೋಟೋ, ಕೆಳಗೆ ನನ್ನ ನಾಲ್ಕು ಸಾಲು ಕಣ್ಣೆದುರು ಬಂದು ನಿಂತವು. ನಾಲಗೆ ಹಿಂದೆ ಸರಿಯಿತು.

ಸುದ್ದಿ ಕೇಳಿ ಗುತ್ಯಪ್ಪ ಸಂಜೆ ನನ್ನ ಮನೆಗೆ ಬಂದ. ಜಗುಲಿಯ ಮೇಲೆ ಕೂತ. ಜೇಬಿನಿಂದ ಒಂದು ಚೂರು ಕಾಗದ ತೆಗೆದು ಮಡಿಸಿದ, ಬಿಡಿಸಿದ.

“ನೂರಿಪ್ಪತ್ತೊಂಬತ್ತು ಅಂತೆ.”

“ಹೌದಂತೆ.”

“ಆ ಒಂದು ಎಲೆಗೆ ಜೊತೆ ಇಲ್ಲ ಮೇಷ್ಟ್ರೆ. ದಾರ ಎಲ್ಲಿಗೆ ಹಾಕಾನ?” ಕಾಗದವನ್ನು ಮತ್ತೆ ಮಡಿಸಿದ. “ರಟ್ಟಿನ ಎರಡು ಮಗ್ಗುಲು, ಬೆನ್ನು, ಮೂರನ್ನೂ ಲೆಕ್ಕಕ್ಕೆ ತಗಂಡು ನೂರ ಮೂವತ್ತೊಂದು ಅನ್ನಿ ಅಂದೆ. ಕೊನೇ ಪುಟಕ್ಕೆ ನಂಬರೇ ಹಾಕದು ಬ್ಯಾಡ, ನೂರಿಪ್ಪತ್ತೇಳು ಆಗ್ತೈತೆ ಅಂದೆ. ಶುಭಕಾರ್ಯದಾಗ ಮೋಸ ಮಾಡ್ತೀಯೇನೋ ಅಂತ ಬೈದ್ರು. ಸಾವ್ಕಾರ್ರ ತಲೆಗೆ ಇದನ್ನ ತುಂಬಿದೋರು ಯಾರು?”

“ಅವರ ಮನೆಯ ಹಿರಿಯರು ಯಾರೋ ಇರಬೇಕು,” ಎಂದೆ.

ಅವನು ನನ್ನ ಮುಖ ನೋಡಿದ. ಆಮೇಲೆ ಕಾಗದ ನೋಡಿದ. “ಒಂದು ದಾರಿ ಐತೆ,” ಎಂದ. ಆ ಎಲೆಯನ್ನು ಉಳಿದವಕ್ಕಿಂತ ಅರ್ಧ ಅಂಗುಲ ಹೆಚ್ಚು ಅಗಲವಾಗಿ ಕತ್ತರಿಸಿ, ಆ ಅರ್ಧ ಅಂಗುಲವನ್ನು ಹಿಂದಕ್ಕೆ ಮಡಿಸಿ ಕೊನೆಯ ಫಾರಮ್ಮಿನ ಬೆನ್ನಿಗೆ ಸುತ್ತಿ, ಎಲ್ಲದರ ಜೊತೆಗೇ ಹೊಲಿದುಬಿಡುವುದು. ಆಗ ಅದು ಕಿತ್ತು ಬರುವುದಿಲ್ಲ. “ಆದ್ರೆ ಹೊಲಿಗೆಗೆ ಮುಂಚೆ ಆ ಎಲೆ ಅಚ್ಚಾಗಿರಬೇಕು. ಆರ್ಟ್ ಪೇಪರಿಗೆ ಬರೇ ಅಂಟು ಹಾಕಿದ್ರೆ ಹಿಡಿಯಲ್ಲ, ಅದರ ಮೈ ಮೇಲೆ ಸುಣ್ಣ ಬಳಿದಂಗಿರ್ತೈತೆ. ನಿಮ್ಮ ನಾಲ್ಕು ಸಾಲು ಯಾವಾಗ ಕೊಡ್ತೀರಿ?”

“ನಾಳೆಯೇ,” ಎಂದೆ.

ನಾಲ್ಕು ಸಾಲಿಗೆ ನಾನು ಐವತ್ತೆರಡು ದಿನ ತೆಗೆದುಕೊಂಡೆ. ವೀರಬಸಪ್ಪನವರ ತಂದೆ ಮಹೇಶ್ವರಪ್ಪನವರನ್ನು ನಾನು ಕಂಡೇ ಇರಲಿಲ್ಲ. ‘ಕೊಡುಗೈ’ ಎಂದು ಬರೆದೆ. ಊರಿನವರನ್ನು ವಿಚಾರಿಸಿದರೆ ನಕ್ಕರು. ‘ಮೃದುಭಾಷಿ’ ಎಂದು ಬರೆದೆ. ಇನ್ನೂ ಜೋರಾಗಿ ನಕ್ಕರು. ನನ್ನ ಹಾಸ್ಯಕ್ಕೆ ಊರಲ್ಲಿ ಅಷ್ಟು ನಗು ಬಂದದ್ದು ಅದೇ ಮೊದಲು. ಫೋಟೋದ ಕೆಳಗೆ ಬರುವ ನಾಲ್ಕು ಸಾಲು ಊರಿಗೆಲ್ಲ ಬಾಯಿಪಾಠವಾಗುವಂತಿರಬೇಕು ಎಂದು ಬರೆಯುತ್ತ, ಹರಿಯುತ್ತ ಕೂತೆ. ಗುತ್ಯಪ್ಪ ದಿನ ಬಿಟ್ಟು ದಿನ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಕಡೆಕಡೆಗೆ ಕೇಳುತ್ತಲೂ ಇರಲಿಲ್ಲ, ಸುಮ್ಮನೆ ನಿಂತು ಹೋಗುತ್ತಿದ್ದ. ಮದುವೆಗೆ ಇಪ್ಪತ್ತು ದಿನ ಉಳಿದಾಗ, ರಟ್ಟು ಕಟ್ಟಿ ಒಣಗಲು ಅಷ್ಟಾದರೂ ದಿನ ಬೇಕೆಂದು, ಅವನು ಹೊಲಿಗೆಗೆ ಕೂತ. ಹೊಲಿದು ಮುಗಿದ ಮರುದಿನ ನಾನು ನಾಲ್ಕು ಸಾಲು ಕೊಟ್ಟೆ. ಅವು ಮೂರೇ ಆಗಿದ್ದವು.

ಆರ್ಟ್ ಪೇಪರನ್ನು ಅಂಟಿನಿಂದ ಅಂಟಿಸದೆ ಬೇರೆ ಉಪಾಯ ಉಳಿದಿರಲಿಲ್ಲ. ಉಚ್ಚಂಗಮ್ಮ ಹಿತ್ತಲಲ್ಲಿ ಮೈದಾ ಹಿಟ್ಟಿಗೆ ಹುಳ ಹಿಡಿಯದಂತೆ ಮೈಲುತುತ್ತ ಹಾಕಿ ಅಂಟು ಕಾಯಿಸಿದಳು. ಗಂಡಹೆಂಡಿರಿಬ್ಬರೂ ಚಾಪೆಯ ಮೇಲೆ ಕೂತು ಒಂದೊಂದಾಗಿ ಅಂಟಿಸಿದರು. ನಾನು ನೋಡಲು ಹೋದಾಗ ಗುತ್ಯಪ್ಪ ತಲೆ ಎತ್ತಲಿಲ್ಲ. ಉಚ್ಚಂಗಮ್ಮ ಮಾತ್ರ, “ಬನ್ನಿ ಮೇಷ್ಟ್ರೆ. ನಿಮ್ಮ ಮೂರು ಸಾಲಿಗೆ ಮೂರು ಸೇರು ಮೈದಾ ಹೋತು. ಹೋಳಿಗೆ ಮಾಡಿದ್ರೆ ಓಣಿಯೋರೆಲ್ಲ ಉಣ್ತಿದ್ರು,” ಎಂದಳು. ಅವಳ ಬೆರಳಿನ ಸಂದುಗಳು ನೀಲಿಯಾಗಿ ಒಡೆದಿದ್ದವು.

“ಹಿಡಿಯುತ್ತಾ ಗುತ್ಯಪ್ಪಾ?” ಎಂದೆ.

“ಕೆಲವು ಹಿಡಿತಾವೆ. ಕೆಲವು ಹಿಡಿಯಲ್ಲ,” ಎಂದ. ಇನ್ನೊಬ್ಬರ ಬಾಯಲ್ಲಿ ಅದು ಸಾಮಾನ್ಯ ಮಾತು. ಸಾವಿರನೆಯದೂ ಮೊದಲಿನಂತೆಯೇ ಇರಬೇಕೆಂದವನ ಬಾಯಲ್ಲಿ ಅದನ್ನು ಕೇಳಿ ನನಗೆ ಕುಳಿತಿರಲಾಗಲಿಲ್ಲ. ಮನೆಯಲ್ಲಿ ಕೆಲಸವಿದೆ ಎಂದು ಎದ್ದು ಬಂದೆ.

ಮದುವೆಯ ದಿನ ಚಪ್ಪರದಲ್ಲಿ ಪುಸ್ತಕದ ರಾಶಿ ಇಟ್ಟಿದ್ದರು. ಕಂದು ಬಣ್ಣದ ಕ್ಯಾಲಿಕೋ ಬಟ್ಟೆಯ ರಟ್ಟು, ಮೇಲೆ ಹೆಸರು ಬಿಟ್ಟರೆ ಬೇರೇನೂ ಇಲ್ಲ. ಬೀಗರ ಕಡೆಯ ಹಿರಿಯರಾದ ತೊಗರ್ಸಿಯ ಸದಾಶಿವಪ್ಪನವರಿಗೆ ಮೊದಲನೆಯ ಪ್ರತಿ ಕೊಟ್ಟರು. ಎಲ್ಲರೂ ಪುಸ್ತಕವನ್ನು ಚಿತ್ರ ಇರುವ ಕಡೆಯಿಂದಲೇ ತೆರೆಯುತ್ತಾರೆ. ಸದಾಶಿವಪ್ಪನವರೂ ಹಿಂದಿನಿಂದ ತೆರೆದರು. ಚಿತ್ರ ಚೆನ್ನಾಗಿ ಕಾಣಲೆಂದು ಎಲೆಯನ್ನು ಸ್ವಲ್ಪ ಬೆಳಕಿಗೆ ಎಳೆದರು. ಎಲೆ ಪೂರ್ತಿಯಾಗಿ ಬಂತು.

“ವೀರಬಸಪ್ಪಾರೆ, ನಿಮ್ಮ ಅಪ್ಪಾರು ನನ್ನ ಕೈಗೇ ಬಂದ್ಬಿಟ್ರಲ್ರಿ! ಹೆಣ್ಣಿನ ಜೋಡಿ ಇವರನ್ನೂ ಕಳಸ್ತೀರೇನು ನಮ್ಮೂರಿಗೆ?”

ಚಪ್ಪರವೆಲ್ಲ ನಕ್ಕಿತು. ನಕ್ಕವರೆಲ್ಲ ತಮ್ಮ ತಮ್ಮ ಪ್ರತಿಯನ್ನು ಎಳೆದು ನೋಡಿದರು. ಕೆಲವು ಬಂದವು, ಕೆಲವು ಬರಲಿಲ್ಲ. ಬರದವರು ತಮಗೇನೋ ಕಡಿಮೆಯಾಯಿತೆಂಬಂತೆ ಇನ್ನೂ ಜೋರಾಗಿ ಎಳೆದರು. ಹೊರಗೆ ಗಾಳಿ ಎದ್ದಿತ್ತು. ಸ್ವಲ್ಪ ಹೊತ್ತಿನಲ್ಲಿ ಮಹೇಶ್ವರಪ್ಪನವರು ಚಪ್ಪರದ ತುಂಬ ಹಾರಾಡಿ, ಕಡೆಗೆ ಜಮಖಾನೆಯ ಮೇಲೆ, ಚಪ್ಪಲಿಗಳ ನಡುವೆ, ವೀಳ್ಯದೆಲೆಯ ತೊಟ್ಟುಗಳ ಜೊತೆ ಬಿದ್ದರು. ಯಾರದೋ ಕಾಲಿನ ಗುರುತು ಒಂದು ಹಣೆಯ ವಿಭೂತಿಯ ಮೇಲೇ ಮೂಡಿತ್ತು.

ವೀರಬಸಪ್ಪನವರು ಮಗಳ ಮದುವೆಯಲ್ಲಿ ಕೂಗಾಡುವ ಹಾಗಿರಲಿಲ್ಲ. ಕಂಬದ ಪಕ್ಕದಲ್ಲಿ ನಿಂತಿದ್ದ ಗುತ್ಯಪ್ಪನ ಹತ್ತಿರ ಬಂದು ಹಲ್ಲು ಕಚ್ಚಿಕೊಂಡು, “ನಮ್ಮ ಅಪ್ಪಾರನ್ನ ಮಂದಿ ತುಳಿಯೋಹಂಗ ಮಾಡಿದ್ಯಲ್ಲೋ,” ಎಂದರು. ಪಂಕ್ತಿಯಲ್ಲಿ ನಾನು ಅಲ್ಲೇ ಕೂತಿದ್ದೆ. ಗುತ್ಯಪ್ಪ ತಿರುಗಿ ನನ್ನನ್ನು ನೋಡಿದ. ನಾನು ಎಲೆಯ ಮೇಲಿನ ಕೋಸಂಬರಿಯಲ್ಲಿ ಹೆಸರುಬೇಳೆ ಎಷ್ಟಿದೆ, ಸೌತೆಕಾಯಿ ಎಷ್ಟಿದೆ ಎಂದು ಪರೀಕ್ಷಿಸತೊಡಗಿದೆ. ಅಷ್ಟು ಗಮನವಿಟ್ಟು ನಾನು ಯಾವ ಪ್ರೂಫನ್ನೂ ನೋಡಿದವನಲ್ಲ.

ಮರುವಾರ ವೀರಬಸಪ್ಪನವರು ಕೊಟ್ಟ ಮಾತಿನಂತೆ ನಡೆದುಕೊಂಡರು. ಪುಸ್ತಕದ ಮೊಳೆಯನ್ನು ಮಾರುವುದಾಗಿ ದಾವಣಗೆರೆಗೆ ಬರೆದರು. ಗುತ್ಯಪ್ಪನನ್ನು ಬಿಡಿಸಲಿಲ್ಲ, ರಸೀದಿ ಬುಕ್ಕು, ಲಗ್ನಪತ್ರಿಕೆ ಮಾಡಿಕೊಂಡಿರು ಎಂದರು. ಅದನ್ನೇ ಎಲ್ಲರೂ ದೊಡ್ಡ ಮನಸ್ಸು ಎಂದು ಹೊಗಳಿದರು. ನಾನೂ ಹೊಗಳಿದೆ.

ಗುತ್ಯಪ್ಪ ಜಗಳವಾಡಲಿಲ್ಲ. ಆದರೆ ಪ್ರತಿ ಭಾನುವಾರ ಒಂದು ಚೀಲದಲ್ಲಿ ತೆಳುವಾದ ಚಾಕು, ಒದ್ದೆ ಬಟ್ಟೆ, ಹತ್ತಿಯ ಉಂಡೆ ಇಟ್ಟುಕೊಂಡು ಊರೂರು ತಿರುಗತೊಡಗಿದ. ಮದುವೆಗೆ ಬಂದವರ ಮನೆ ಹುಡುಕಿಕೊಂಡು ಹೋಗಿ, “ಪುಸ್ತಕ ಒಂಚೂರು ಕೊಡ್ರಿ, ಸರಿಮಾಡಿ ಕೊಡ್ತೀನಿ,” ಎನ್ನುವನು. ಎಲೆ ಉಳಿದಿದ್ದರೆ ಬಿಡಿಸಿ ಮನೆಯವರ ಕೈಗೆ ಮರ್ಯಾದೆಯಿಂದ ಕೊಡುವನು. ಹೋಗಿದ್ದರೆ ಒಣಗಿ ಉಳಿದ ಅಂಟನ್ನು ನೆನೆಸಿ ಒರೆಸುವನು. ಪುಸ್ತಕ ಮತ್ತೆ ನೂರಿಪ್ಪತ್ತೆಂಟು ಪುಟದ್ದಾಗುವುದು. ಜನ ಅವನಿಗೆ ತಲೆ ಕೆಟ್ಟಿದೆ ಎಂದರು. ಉಚ್ಚಂಗಮ್ಮ ನನ್ನ ಮನೆಗೆ ಬಂದು, ಮೊದಲ ಸಲ ನಗದೆ ಮಾತಾಡಿದಳು. “ನೀವಾದ್ರೂ ಒಂದ್ಸಲ ಅವರ ಜೊತೆಗೆ ಹೋಗಿ ಬನ್ನಿ ಮೇಷ್ಟ್ರೆ. ಊಟ ಸೇರ್ತಿಲ್ಲ ಅವರಿಗೆ.”

ಹಾಗೆ ಒಂದು ಭಾನುವಾರ ಬೆಳಗಿನ ಬಸ್ಸಿಗೆ ಇಬ್ಬರೂ ಉಡುತಡಿಗೆ ಹೋದೆವು. ಮೊದಲ ಮೂರು ಮನೆಗಳಲ್ಲಿ ನನ್ನ ಪುಸ್ತಕ ಯಾವ ಯಾವ ಉಪಯೋಗಕ್ಕೆ ಬಂದಿತ್ತೆಂದು ಬರೆಯಲು ನನ್ನ ಕೈ ಏಳುವುದಿಲ್ಲ. ನಾಲ್ಕನೆಯದು ನೀಲಾಂಬಿಕ ಎಂಬ ಹೆಂಗಸಿನ ಮನೆ, ವೀರಬಸಪ್ಪನವರ ದೂರದ ನೆಂಟರು. ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತರೆ ಆಕೆ ರೊಟ್ಟಿ ಬಡಿಯುತ್ತಿದ್ದಳು. ಎರಡೂ ಕೈ ಹಿಟ್ಟು. ಒಲೆಯ ಪಕ್ಕದ ಮಣೆಯ ಮೇಲೆ ನನ್ನ ಪುಸ್ತಕ ತೆರೆದು ಬಿದ್ದಿತ್ತು. ಒಂದು ರೊಟ್ಟಿ ಹೆಂಚಿಗೆ ಹಾಕುವಳು, ನಾಲ್ಕು ಸಾಲು ಓದುವಳು, ಮೊಣಕೈಯಿಂದ ಹಾಳೆ ಮಗುಚುವಳು. ಪುಸ್ತಕ ಮುಚ್ಚಿಕೊಳ್ಳುತ್ತಿರಲಿಲ್ಲ.

“ಬ್ಯಾರೆ ಪುಸ್ತಕ ಹಿಂಗ ಇರಂಗಿಲ್ಲ ನೋಡ್ರಿ,” ಎಂದಳು. “ಕೈ ಬಿಟ್ಟ ಕೂಡ್ಲೇ ಮುಚ್ಚಿಕೊಂತಾವು. ಇದು ಸಾಕಿದ ನಾಯಿ ಹಂಗ ಎಲ್ಲಿಟ್ರ ಅಲ್ಲೇ ಬಿದ್ದಿರ್ತತಿ.”

ನಾನು ತಡೆಯಲಾರದೆ, “ಓದಲಿಕ್ಕೆ ಹೇಗಿದೆಯಮ್ಮ?” ಎಂದೆ.

“ಯಾರು ಬರದಾರೋ ಏನೋ. ಮಾತು ಜಾಸ್ತಿ. ಆದ್ರೂ ರೊಟ್ಟಿ ಮುಗಿಯೋ ತನಕ ನಡೀತತಿ.”

ಗುತ್ಯಪ್ಪ ಅದನ್ನು ಕೇಳುತ್ತಿರಲಿಲ್ಲ. ಬಾಗಿಲಲ್ಲೇ ಕುಕ್ಕರುಗಾಲಿನಲ್ಲಿ ಕೂತು ತೆರೆದ ಪುಟವನ್ನೇ ನೋಡುತ್ತಿದ್ದ. ರೊಟ್ಟಿ ಮುಗಿದಮೇಲೆ ಆಕೆ ಸೆರಗಿಗೆ ಕೈ ಒರೆಸಿಕೊಂಡು ಪುಸ್ತಕ ಕೊಟ್ಟಳು. ಫೋಟೋದ ಎಲೆ ಮದುವೆಯಲ್ಲೇ ಉದುರಿತ್ತು. ಒಣಗಿದ ಅಂಟು ಒರೆಸಿ, ಅವನು ಅದನ್ನು ಅಂಗೈಯ ಮೇಲಿಟ್ಟುಕೊಂಡು ನನ್ನ ಕಡೆ ನೋಡಿದ. “ಇದು ಮೊದಲು ಹೊಲಿದದ್ದೋ, ಕೊನೆಗೆ ಹೊಲಿದದ್ದೋ, ನಂಗೇ ಗೊತ್ತಾಗ್ತಿಲ್ಲ ಮೇಷ್ಟ್ರೆ,” ಎಂದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ಸ್ವಲ್ಪ ಗೆಲುವು ಕಂಡಿತು.

ಮಧ್ಯಾಹ್ನ ಬಸ್ಸಿಗೆ ಕಾಯುತ್ತ ರಸ್ತೆಯ ಪಕ್ಕದ ಮರದ ಕೆಳಗೆ ಕೂತಿದ್ದೆವು. ಆ ಗೆಲುವಿನ ಧೈರ್ಯದ ಮೇಲೆ ನಾನು ಬಾಯಿಬಿಟ್ಟೆ.

“ಗುತ್ಯಪ್ಪಾ, ಆ ಒಂದು ಪುಟದ ಮಾತು ಸಾವ್ಕಾರರಿಗೆ ಹೇಳಿದ್ದು...”

“ನೀವು.”

“ನಿನಗೆ ಹೇಗೆ ಗೊತ್ತು?”

“ಅಂಥಾದ್ದು ಅವರಿಗೆ ತಾನಾಗೇ ಹೊಳೆಯಲ್ಲ. ಅದಕ್ಕೆ ಓದಿದೋರೇ ಬೇಕು.”

“ಗೊತ್ತಿದ್ದೂ ಅವತ್ತು ಚಪ್ಪರದಲ್ಲಿ ಯಾಕೆ ಸುಮ್ಮನಿದ್ದೆ?”

“ನೀವು ಹೇಳ್ತೀರಿ ಅಂತ ನೋಡಿದೆ,” ಎಂದ ಗುತ್ಯಪ್ಪ. ಸಿಟ್ಟಿನಿಂದಲ್ಲ, ಬಸ್ಸು ಎಷ್ಟು ಗಂಟೆಗೆ ಬರುತ್ತದೆ ಎಂದು ಹೇಳಿದಷ್ಟೇ ಸಾದಾ ದನಿಯಲ್ಲಿ.

ಊರು ಮುಟ್ಟಿದವನೇ ನಾನು ನೇರವಾಗಿ ಜವಳಿ ಅಂಗಡಿಗೆ ಹೋದೆ. ವೀರಬಸಪ್ಪನವರು ಗಾದಿಯ ಮೇಲಿದ್ದರು. ಗಿರಾಕಿಗಳೂ ಇದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ಮುಯ್ಯಿಯ ಮಾತು ತಮಾಷೆಗೆ ಆಡಿದ್ದು, ಐವತ್ತೆರಡು ದಿನ ತಡಮಾಡಿದ್ದು, ಹೊಲಿಯಬೇಕಾದ್ದನ್ನು ಅಂಟಿಸುವ ಹಾಗಾದದ್ದು. ತಪ್ಪೆಲ್ಲ ನನ್ನದು, ಗುತ್ಯಪ್ಪನದು ಏನೂ ಇಲ್ಲ, ಮೊಳೆ ಮಾರಬೇಡಿ ಎಂದೆ.

ವೀರಬಸಪ್ಪನವರು ನನ್ನನ್ನೇ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಏನ್ ಮೇಷ್ಟ್ರೆ ನೀವು! ಮೂರು ಸಾಲು ಬರಿಯಾಕ ಐವತ್ತೆರಡು ದಿನ ಅಂತ! ಕೇಳ್ರಿಲ್ಲಿ, ಕೇಳ್ರಿ!” ಗಿರಾಕಿಗಳೂ ನಕ್ಕರು.

“ಸಾವ್ಕಾರ್ರೆ, ನಿಜವಾಗಿ ಹೇಳ್ತಿದ್ದೀನಿ.”

“ಗೊತ್ತಾತು ಬಿಡ್ರಿ. ಆ ಬಡಪಾಯಿನ ಉಳಸಬೇಕಂತ ತಪ್ಪು ನಿಮ್ಮ ತಲಿಮ್ಯಾಲ ಹಾಕ್ಕೊಂತೀರಿ. ದೊಡ್ಡ ಮನಸು ನಿಮ್ದು.” ಕಣ್ಣೊರೆಸಿಕೊಂಡರು. “ಮೊಳೆ ಮೊನ್ನೇನೇ ಹೋತ್ರಿ, ಲಾರಿಗೆ ಹಾಕಿಸಿ ಕಳಿಸಿದೆ. ಕೂಡ್ರಿ, ಚಾ ಕುಡೀರಿ.”

ಚಾ ಬಂತು. ಕುಡಿಯಿರಿ ಎಂದರು, ಕುಡಿದೆ. ಊರಿನಲ್ಲಿ ನನಗೆ ಒಳ್ಳೆಯವನೆಂಬ ಹೆಸರು ಬಂದದ್ದು ಅವತ್ತಿನಿಂದ.

ಮಳೆಗಾಲಕ್ಕೆ ಮುಂಚೆ ಗುತ್ಯಪ್ಪ ಕೆಲಸ ಬಿಟ್ಟು ಸೊರಬಕ್ಕೆ ಹೋದ. ಅಲ್ಲೊಂದು ಸಣ್ಣ ಪ್ರೆಸ್ಸು ಆಗಿತ್ತು. ಪಹಣಿಯ ನಮೂನೆ, ಅರ್ಜಿಯ ಫಾರಂ, ರಸೀದಿ ಅಚ್ಚು ಹಾಕುವುದು. ಮುಂದಿನ ವರ್ಷ ಬೇಸಗೆಯ ರಜೆಯಲ್ಲಿ ಅವನನ್ನು ನೋಡಲು ಹೋದೆ. ಕೈಯಲ್ಲಿ ಹೊಸ ಹಸ್ತಪ್ರತಿ ಇತ್ತು. ತಪ್ಪು ತಿದ್ದಿಕೊಳ್ಳಲು ನನಗೆ ಗೊತ್ತಿದ್ದದ್ದು ಬರೆಯುವುದೊಂದೇ.

ಅವನು ಒಂದು ಸ್ಟೂಲಿನ ಮೇಲೆ ಕೂತು ರಸೀದಿ ಬುಕ್ಕಿಗೆ ತಂತಿ ಹೊಡೆಯುತ್ತಿದ್ದ. ದಾರವಲ್ಲ, ತಂತಿ. ನನ್ನನ್ನು ಕಂಡು ಎದ್ದುನಿಂತ. ಮನೆಗೆ ಹೋಗೋಣ, ಉಚ್ಚಂಗಮ್ಮ ಬೈತಾಳೆ ಎಂದ. ಹಸ್ತಪ್ರತಿಯನ್ನು ಕೈಗೆ ಕೊಟ್ಟೆ. ತೆರೆಯಲಿಲ್ಲ. ಹಳೆಯ ಅಭ್ಯಾಸದಂತೆ ಅಂಗೈಯಲ್ಲಿ ತೂಗಿದ. ಹೆಬ್ಬೆರಳಿನಿಂದ ಅಂಚನ್ನು ಒಮ್ಮೆ ಸವರಿದ.

“ಎಷ್ಟು ಪುಟ ಮಾಡಬೇಕಂತೀರಿ?”

“ನೀನು ಹೇಳಿದಷ್ಟು. ಒಂದು ಸಾಲು ಹೆಚ್ಚು ಕೇಳೋದಿಲ್ಲ.”

ಅವನು ಸ್ವಲ್ಪ ಹೊತ್ತು ಲೆಕ್ಕ ಹಾಕಿದ. ತುಟಿ ಅಲುಗುತ್ತಿತ್ತು. “ತೊಂಬತ್ತಾರು,” ಎಂದ. “ಹನ್ನೆರಡು ಫಾರಂ. ಚೆಂದ ಕೂರ್ತೈತೆ.” ಆಮೇಲೆ ಹಸ್ತಪ್ರತಿಯನ್ನು ನನ್ನ ಕೈಗೇ ಕೊಟ್ಟ. “ಇಲ್ಲಿ ಪುಸ್ತಕದ ಮೊಳೆ ಇಲ್ಲ ಮೇಷ್ಟ್ರೆ. ಇದ್ದಿದ್ರೂ, ಇನ್ನೊಂದ್ಸಲ ನಂಗೆ ಆಗಲ್ಲ. ರಸೀದಿ ಬುಕ್ಕು ವಾಸಿ. ನೂರು ಹಾಳೆ ಅಂದ್ರೆ ನೂರೇ ಹಾಳೆ. ಶುಭಕ್ಕೆ ಅಂತ ಯಾರೂ ಒಂದು ಹೆಚ್ಚಿಗೆ ಕೇಳಲ್ಲ.”

ಉಚ್ಚಂಗಮ್ಮ ಊಟಕ್ಕೆ ಹಾಕಿದಳು. ಗುತ್ಯಪ್ಪ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, “ನಿಮ್ಮ ಪ್ರತಿ ಇನ್ನೂ ನಾನು ಸರಿಮಾಡಿಲ್ಲ. ಆ ಎಲೆ ಹಂಗೇ ಐತಾ?” ಎಂದು ಕೇಳಿದ.

“ಇದೆ. ಅದು ಹಿಡಿದುಕೊಂಡಿದೆ,” ಎಂದೆ.

“ಹಿಡ್ಕಂಡಿದ್ರೆ ಇರ್ಲಿ ಬಿಡಿ,” ಎಂದ.

ಇದ್ದೇ ಇದೆ. ಹತ್ತು ವರ್ಷದ ಮೇಲಾಯಿತು, ಎಷ್ಟು ಎಳೆದರೂ ಬರುವುದಿಲ್ಲ.